ಸರ್ಟಿಫಿಕೇಟ್ ಅಲರ್ಟ್‌ಗೆ ಝ್ಯಾಬಿಕ್ಸ್ ಸಾಕಾ? ಪುಣೆಯಿಂದ ಒಂದು ವಿಮರ್ಶೆ

ಝ್ಯಾಬಿಕ್ಸ್ ಅಂದರೆ ಸರ್ವರ್, ನೆಟ್‌ವರ್ಕ್‌ಗಳ ಮೇಲೆ ಕಣ್ಣಿಟ್ಟು, ತೊಂದರೆ ಬಂದರೆ ಅಲರ್ಟ್ ಕಳಿಸುವ ಮಾನಿಟರಿಂಗ್ ಸಾಫ್ಟ್‌ವೇರ್. ಅದರ ಪೂರ್ತಿ ವಿಮರ್ಶೆ ಬರೆಯಲು ಕೂತಿಲ್ಲ ನಾನು. ಸಿಪಿಯು, ಡಿಸ್ಕ್, ಸ್ವಿಚ್ ಪೋರ್ಟ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ನೋಡುತ್ತಿರುವುದು ಒಂದೇ ಕೆಲಸ. ಹೊರಗಿನ ಕಂಪನಿಗಳ ಜೊತೆ ನಮ್ಮ ಸಾಫ್ಟ್‌ವೇರ್ ಮಾತಾಡುವ ಕಡೆಯಲ್ಲೆಲ್ಲ ಒಂದೊಂದು ಟಿಎಲ್‌ಎಸ್ ಸರ್ಟಿಫಿಕೇಟ್ (ಎದುರಿನ ಸರ್ವರ್ ಅಸಲಿ ಅಂತ ತೋರಿಸುವ, ಅವಧಿ ಇರುವ ಡಿಜಿಟಲ್ ಗುರುತಿನ ಚೀಟಿ) ಇರುತ್ತದಲ್ಲ, ಅದರ ಅವಧಿ ಮುಗಿಯುತ್ತಾ ಬಂದಾಗ ಇದು ಹೊತ್ತಿಗೆ ಸರಿಯಾಗಿ ಹೇಳುತ್ತದಾ, ಮತ್ತು ಅಲರ್ಟ್ ಹೋಯಿತು ಅಂದರೆ ತೊಂದರೆ ನಿಜವಾಗಿ ಹೋಗಿದೆ ಅಂತ ನಂಬಬಹುದಾ?

ಹೇಳುತ್ತದೆ. ನಂಬುವುದು ಮಾತ್ರ ಅರ್ಧಕ್ಕರ್ಧ.

ನಾನಿರುವುದು ಪುಣೆಯಲ್ಲಿ, ಚಾಕಣ್ ಕಡೆ ವಾಹನದ ಬಿಡಿಭಾಗ ಮಾಡುವ ಒಂದು ಕಂಪನಿಯ ಐಟಿ ಆಪರೇಷನ್ಸ್‌ನಲ್ಲಿ. ನಮ್ಮ ಟೀಮ್‌ನಲ್ಲಿ ಅರ್ಧ ಜನ ಬೆಳಗಾವಿ, ವಿಜಯಪುರ ಕಡೆಯವರು, ಹಾಗಾಗಿ ನೈಟ್ ಶಿಫ್ಟ್ ಹ್ಯಾಂಡೋವರ್ ಎಷ್ಟೋ ಸಲ ಕನ್ನಡದಲ್ಲೇ ಮುಗಿಯುತ್ತದೆ. ಹೊರಗಿನ ಇಂಟಿಗ್ರೇಷನ್‌ಗಳು ಜಾಸ್ತಿ. ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್‌ಗೆ ಒಬ್ಬ ಮಧ್ಯವರ್ತಿ ಸರ್ವಿಸ್, ಪೇಮೆಂಟ್‌ಗೆ ಬ್ಯಾಂಕಿನ ಎಪಿಐ (ಸಾಫ್ಟ್‌ವೇರ್‌ಗಳು ನೇರ ಮಾತಾಡುವ ದಾರಿ), ಲಾರಿ ಟ್ರ್ಯಾಕಿಂಗ್, ಎಸ್‌ಎಂಎಸ್ ಗೇಟ್‌ವೇ, ದೊಡ್ಡ ಗ್ರಾಹಕರ ಆರ್ಡರ್ ಪೋರ್ಟಲ್‌ಗಳು. ಇ-ಇನ್‌ವಾಯ್ಸ್ 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದ ವಹಿವಾಟಿನವರಿಗೂ ಕಡ್ಡಾಯವಾಗಿದೆ, 50 ಸಾವಿರ ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಬೇಕು. ಅಂದರೆ ಯಾರದೋ ಒಂದು ಸರ್ಟಿಫಿಕೇಟ್ ಸತ್ತರೆ ನಮ್ಮ ಗೇಟಿನಲ್ಲಿ ತುಂಬಿದ ಲಾರಿ ನಿಲ್ಲುತ್ತದೆ. ಡಿಸ್‌ಪ್ಯಾಚ್‌ನವರು ಮಾನಿಟರಿಂಗ್ ಸ್ಕ್ರೀನ್ ನೋಡುವುದಿಲ್ಲ. ಸೀದಾ ಫೋನ್ ಮಾಡುತ್ತಾರೆ.

ಝ್ಯಾಬಿಕ್ಸ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು: ಲಾಟ್ವಿಯಾದ ರೀಗಾದಲ್ಲಿ ಅಲೆಕ್ಸೀ ವ್ಲಾದಿಶೆವ್ ಶುರು ಮಾಡಿದ್ದು, ಓಪನ್ ಸೋರ್ಸ್, ಲೈಸೆನ್ಸ್‌ಗೆ ದುಡ್ಡಿಲ್ಲ. 2024ರ 7.0 ಆವೃತ್ತಿಯಿಂದ ಜಿಪಿಎಲ್ ಲೈಸೆನ್ಸ್ ಬಿಟ್ಟು ಎಜಿಪಿಎಲ್ ಲೈಸೆನ್ಸ್‌ಗೆ ಬಂದಿದ್ದಾರೆ. ಸಪೋರ್ಟ್ ಬೇಕಾದರೆ ದುಡ್ಡು ಕೊಡಬೇಕು. ನಾವು ಕೊಟ್ಟಿಲ್ಲ.

ಸರ್ಟಿಫಿಕೇಟ್ ನೋಡಲು ಇದರಲ್ಲಿ ಸಿದ್ಧ ಟೆಂಪ್ಲೇಟ್ ಇದೆ, 'ವೆಬ್‌ಸೈಟ್ ಸರ್ಟಿಫಿಕೇಟ್ ಬೈ ಝ್ಯಾಬಿಕ್ಸ್ ಏಜೆಂಟ್ 2' ಅಂತ. ಹೆಸರಿನಲ್ಲೇ ಇರುವ ಹಾಗೆ ಏಜೆಂಟ್ 2 (ಮಷಿನ್‌ನಲ್ಲಿ ಕೂತು ಮಾಹಿತಿ ತರುವ ಚಿಕ್ಕ ಪ್ರೋಗ್ರಾಂ) ಬೇಕು, ಹಳೆಯ ಏಜೆಂಟ್ ಇದ್ದರೆ ಆಗುವುದಿಲ್ಲ. ಒಂದೊಂದು ಹೊರಗಿನ ವಿಳಾಸಕ್ಕೂ ಒಂದೊಂದು ಹೋಸ್ಟ್ (ಝ್ಯಾಬಿಕ್ಸ್‌ನ ಪಟ್ಟಿಯಲ್ಲಿ ಒಂದು ನಮೂದು) ಮಾಡಿ, ಟೆಂಪ್ಲೇಟ್ ಅಂಟಿಸಿ, ಮ್ಯಾಕ್ರೋದಲ್ಲಿ (ನಾವು ತುಂಬುವ ಖಾಲಿ ಜಾಗ) ಡಿಎನ್‌ಎಸ್ ಹೆಸರು, ಅಂದರೆ ವೆಬ್ ವಿಳಾಸದ ಹೆಸರು ತುಂಬಬೇಕು. 15 ನಿಮಿಷಕ್ಕೊಮ್ಮೆ ಏಜೆಂಟ್ ಹೋಗಿ ಆ ಪೋರ್ಟ್ ತಟ್ಟುತ್ತದೆ, ಸರ್ಟಿಫಿಕೇಟ್‌ನಲ್ಲಿರುವುದನ್ನೆಲ್ಲ ಓದಿಕೊಂಡು ಬರುತ್ತದೆ: ಯಾರು ಕೊಟ್ಟದ್ದು, ಯಾರ ಹೆಸರಿಗೆ, ಸೀರಿಯಲ್ ನಂಬರ್, ಯಾವಾಗಿನಿಂದ ಯಾವಾಗಿನವರೆಗೆ, ಫಿಂಗರ್‌ಪ್ರಿಂಟ್ (ಒಂದೊಂದು ಸರ್ಟಿಫಿಕೇಟ್‌ಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಏನು. ಅದರ ಮೇಲೆ ಮೂರು ಟ್ರಿಗರ್, ಅಂದರೆ ಅಲರ್ಟ್ ಎಬ್ಬಿಸುವ ನಿಯಮ. ಸರ್ಟಿಫಿಕೇಟ್ ಇನ್‌ವ್ಯಾಲಿಡ್ ಆಗಿದೆ, ಸದ್ಯದಲ್ಲೇ ಮುಗಿಯುತ್ತದೆ, ಫಿಂಗರ್‌ಪ್ರಿಂಟ್ ಬದಲಾಗಿದೆ.

ಈ ಮೂರನೆಯದನ್ನು ತುಂಬಾ ಜನ ಕಿರಿಕಿರಿ ಅಂತ ಆಫ್ ಮಾಡಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಟೆಂಪ್ಲೇಟ್‌ನಲ್ಲಿ ಬೆಲೆ ಬಾಳುವುದು ಅದೇ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಒಬ್ಬ ಪಾರ್ಟ್‌ನರ್‌ದು (ಹೆಸರು ಬೇಡ) ಸರ್ಟಿಫಿಕೇಟ್ ಮುಗಿಯುತ್ತಾ ಬಂದಿತ್ತು. ಮೇಲ್ ಹಾಕಿದೆವು, ರಿನ್ಯೂ ಆಯಿತು ಅಂತ ಉತ್ತರ ಬಂತು, ನಮ್ಮ ಅಲರ್ಟ್ ಹಸಿರಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಳದಿ. ಆಮೇಲೆ ಮತ್ತೆ ಹಸಿರು. ರಾತ್ರಿ ಶಿಫ್ಟ್‌ನ ಹುಡುಗ ಬೆಳಗಾವಿಯವನು, ಫೋನ್ ಮಾಡಿ, "ಸರ, ಹದಿನೈದು ನಿಮಿಷಕ್ಕೊಮ್ಮೆ ಬಣ್ಣ ಬದಲಸಾಕತ್ತೈತ್ರಿ ಇದು, ಟಿಕೆಟ್ ಮುಚ್ಚಲೋ ಬ್ಯಾಡೋ?" ಅಂದ. ಮುಚ್ಚಬೇಡ ಅಂದೆ. ಪಾರ್ಟ್‌ನರ್‌ನ ಸಪೋರ್ಟ್‌ಗೆ ಫೋನ್ ಮಾಡಿದರೆ "ಆಮ್ಚ್ಯಾಕಡೂನ್ ಸಗಳ ಠೀಕ್ ಆಹೇ" (ನಮ್ಮ ಕಡೆಯಿಂದ ಎಲ್ಲ ಸರಿಯಿದೆ) ಅಂತ ಒಂದೇ ಪಾಠ. ಅವರ ಬ್ರೌಸರ್‌ನಲ್ಲಿ ಸರಿಯಾಗಿಯೇ ಕಾಣುತ್ತಿತ್ತು, ಸುಳ್ಳೇನಲ್ಲ.

ಝ್ಯಾಬಿಕ್ಸ್‌ನಲ್ಲಿ ಫಿಂಗರ್‌ಪ್ರಿಂಟ್‌ನ ಹಿಸ್ಟರಿ ತೆಗೆದು ನೋಡಿದಾಗ ಎರಡೇ ಎರಡು ಸಂಖ್ಯೆ ಅದಲುಬದಲಾಗುತ್ತಿದ್ದವು. ಅಲ್ಲಿಗೆ ವಿಷಯ ಗೊತ್ತಾಯಿತು. ಒಂದೇ ಹೆಸರಿನ ಹಿಂದೆ ಒಂದಕ್ಕಿಂತ ಜಾಸ್ತಿ ಸರ್ವರ್, ಒಂದಕ್ಕೆ ಹೊಸ ಸರ್ಟಿಫಿಕೇಟ್ ಹಾಕಿದ್ದಾರೆ, ಇನ್ನೊಂದು ಹಳೆಯದನ್ನೇ ಹಿಡಿದುಕೊಂಡು ಕೂತಿದೆ. ಈ ಟೆಂಪ್ಲೇಟ್‌ನಲ್ಲಿ ಐಪಿ ವಿಳಾಸಕ್ಕೆ ಬೇರೆ ಮ್ಯಾಕ್ರೋ ಇದೆ, ಹೆಸರು ಅದೇ ಇಟ್ಟು ಐಪಿ ಮಾತ್ರ ಬದಲಿಸಬಹುದು. ಡಿಎನ್‌ಎಸ್ ಕೊಟ್ಟ ಎರಡು ಐಪಿಗೂ ಬೇರೆ ಬೇರೆ ಹೋಸ್ಟ್ ಮಾಡಿದೆವು. ಒಂದು ಗಟ್ಟಿಯಾಗಿ ಹಸಿರು, ಇನ್ನೊಂದು ಗಟ್ಟಿಯಾಗಿ ಹಳದಿ. ಎರಡರ ಸೀರಿಯಲ್ ನಂಬರ್, ಎರಡರ ಐಪಿ, ಮುಗಿಯುವ ದಿನಾಂಕ, ಇಷ್ಟನ್ನು ನಾಲ್ಕು ಸಾಲಿನ ಮೇಲ್‌ನಲ್ಲಿ ಕಳಿಸಿದ ಮೇಲೆ ವಾದ ಮಾಡಲು ಅವರಿಗೆ ಏನೂ ಉಳಿಯಲಿಲ್ಲ. ಊಟದ ಹೊತ್ತಿಗೆ ಸರಿಹೋಯಿತು.

ಹಾಗಾಗಿ ಮೊದಲ ಮಾತು, ಹೊರಗಿನವರದ್ದಾದರೆ ಅಲರ್ಟ್ ಹಸಿರಾಯಿತು ಅಂತ ಟಿಕೆಟ್ ಮುಚ್ಚಬೇಡಿ. ಸೀರಿಯಲ್ ನಂಬರ್ ಬದಲಾಗಿದೆಯಾ, ಬದಲಾದದ್ದು ಹಾಗೇ ನಿಂತಿದೆಯಾ ನೋಡಿ. ಅದೇ ರೀತಿ ಕೈಯಿಂದ ಅಲರ್ಟ್ ಮುಚ್ಚುವ ಅಭ್ಯಾಸವೂ ಬೇಡ. ರಿನ್ಯೂ ಆಯಿತು ಅಂತ ಮೇಲ್ ಬಂದ ಕೂಡಲೇ ಲೇಟೆಸ್ಟ್ ಡೇಟಾಗೆ ಹೋಗಿ 'ಎಕ್ಸಿಕ್ಯೂಟ್ ನೌ' ಒತ್ತಿದರೆ 15 ನಿಮಿಷ ಕಾಯುವುದೂ ಬೇಕಿಲ್ಲ, ಸರಿಹೋಗಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳಲಿಲ್ಲವಾ? ಎಷ್ಟೋ ಸಲ ಫೈಲ್ ಬದಲಿಸಿರುತ್ತಾರೆ, ಸರ್ವಿಸ್ ರೀಲೋಡ್ ಮಾಡಿರುವುದಿಲ್ಲ. ಎಂಜಿನ್‌ಎಕ್ಸ್ ಆಗಲಿ ಅಪಾಚೆ ಆಗಲಿ (ಎರಡೂ ವೆಬ್ ಸರ್ವರ್ ಸಾಫ್ಟ್‌ವೇರ್), ಡಿಸ್ಕ್‌ನಲ್ಲಿ ಹೊಸ ಫೈಲ್ ಬಂದ ಮಾತ್ರಕ್ಕೆ ಅದನ್ನು ಎತ್ತಿಕೊಳ್ಳುವುದಿಲ್ಲ.

ಪಾರ್ಟ್‌ನರ್ "ಶನಿವಾರ ರಾತ್ರಿ ಮಾಡುತ್ತೇವೆ" ಅಂತ ದಿನ ಕೊಟ್ಟಿದ್ದರೆ ಟ್ರಿಗರ್ ಆಫ್ ಮಾಡುವ ಬದಲು ಆ ಅಲರ್ಟ್‌ನ್ನು ಭಾನುವಾರ ಬೆಳಗಿನವರೆಗೆ ಸಪ್ರೆಸ್ ಮಾಡಿಡಿ (ಅಲ್ಲಿಯವರೆಗೆ ಸುಮ್ಮನಿರಿಸಿ). ಝ್ಯಾಬಿಕ್ಸ್ 6.2ರಿಂದ ಈ ಸೌಲಭ್ಯ ಇದೆ. ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವವರು ಯಾರೂ ಇಲ್ಲ, ಅಲ್ವಾ?

ಇನ್ನು ಅವಧಿಯ ಲೆಕ್ಕ. ಟೆಂಪ್ಲೇಟ್‌ನಲ್ಲಿ ಮೊದಲೇ ಇರುವುದು 7 ದಿನ. ನಮ್ಮದೇ ಸರ್ವರ್ ಆದರೆ 7 ದಿನ ಸಾಕು. ಹೊರಗಿನವರಿಗೆ ಸಾಲದು. ಮೇಲ್ ಹೋಗಿ, ಅವರ ಟಿಕೆಟ್ ಆಗಿ, ಚೇಂಜ್ ಅಪ್ರೂವಲ್ ಆಗಿ, ನಡುವೆ ಗಣಪತಿ ಹಬ್ಬವೋ ದೀಪಾವಳಿಯೋ ಬಂತೆಂದರೆ ಪುಣೆಯಲ್ಲಿ 7 ದಿನ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಬ್ಯಾಂಕ್ ಥರದವರಿಗೆ ನಾವು 30 ದಿನ ಇಟ್ಟಿದ್ದೇವೆ. ಆದರೆ ಎಲ್ಲದಕ್ಕೂ 30 ಇಟ್ಟರೆ ಇನ್ನೊಂದು ತಲೆನೋವು. ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರ ಸರ್ಟಿಫಿಕೇಟ್ 90 ದಿನದ್ದು, ಅದಕ್ಕೆ ಬಳಸುವ ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ಸಾಮಾನ್ಯವಾಗಿ 30 ದಿನ ಉಳಿದಾಗ ರಿನ್ಯೂ ಮಾಡುತ್ತದೆ, ಅಂದರೆ ಎಲ್ಲ ಸರಿಯಿದ್ದಾಗಲೂ ನಮಗೆ ಸುಮ್ನೆ ಒಂದು ಅಲರ್ಟ್. ತಾನಾಗಿ ರಿನ್ಯೂ ಆಗುವುದಕ್ಕೆ 15 ದಿನ ಇಟ್ಟು, ಅಷ್ಟರಲ್ಲೂ ಆಗಿಲ್ಲ ಅಂದರೆ ಅವರ ಆಟೊಮೇಷನ್ ಕೆಟ್ಟಿದೆ ಅಂತ ತಿಳಿಯುವುದು ಒಳ್ಳೆಯದು. ಹೋಸ್ಟ್ ಮಟ್ಟದಲ್ಲಿ ಮ್ಯಾಕ್ರೋ ಬದಲಿಸಬಹುದು, ಕಷ್ಟವಿಲ್ಲ.

ಅಂದ ಹಾಗೆ, ಲೆಟ್ಸ್ ಎನ್‌ಕ್ರಿಪ್ಟ್‌ನವರು ಅವಧಿ ಮುಗಿಯುವ ಮುಂಚೆ ಕಳಿಸುತ್ತಿದ್ದ ಮೇಲ್ 2025ರ ಜೂನ್ 4ಕ್ಕೆ ನಿಂತುಹೋಯಿತು. ಆ ಮೇಲ್ ನಂಬಿಕೊಂಡೇ ಬದುಕುತ್ತಿದ್ದ ಸಣ್ಣ ವೆಂಡರ್‌ಗಳು ಬಹಳ. ಈಗ ಅವರ ಕೆಲಸವನ್ನು ನಿಮ್ಮ ಮಾನಿಟರಿಂಗ್ ಮಾಡಬೇಕು.

ಮುಂದೆ ಇದು ಇನ್ನೂ ಜಾಸ್ತಿಯಾಗುತ್ತದೆ. ಸಿಎಗಳು (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು) ಮತ್ತು ಬ್ರೌಸರ್ ಕಂಪನಿಗಳು ಸೇರಿದ ಸಿಎ ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದ ಪ್ರಕಾರ ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟ್‌ನ ಗರಿಷ್ಠ ಆಯಸ್ಸು 398 ದಿನದಿಂದ ಇಳಿದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ವರ್ಷಕ್ಕೊಮ್ಮೆ ಬರುತ್ತಿದ್ದ ಅಲರ್ಟ್ ಆಗ ತಿಂಗಳು ಒಂದೂವರೆ ತಿಂಗಳಿಗೆ ಬರುತ್ತದೆ. 47 ದಿನದ ಸರ್ಟಿಫಿಕೇಟ್‌ಗೆ 30 ದಿನದ ಎಚ್ಚರಿಕೆ ಇಟ್ಟರೆ ವರ್ಷದಲ್ಲಿ ಬಹಳಷ್ಟು ದಿನ ಹಳದಿಯೇ. ಝ್ಯಾಬಿಕ್ಸ್ ದಿನದ ಲೆಕ್ಕ ಕೇಳುತ್ತದೆಯೇ ಹೊರತು ಆಯಸ್ಸಿನ ಮೂರನೇ ಒಂದು ಭಾಗ ಉಳಿದಾಗ ಹೇಳು ಅನ್ನುವ ಆಯ್ಕೆ ಈ ಟೆಂಪ್ಲೇಟ್‌ನಲ್ಲಿ ಇಲ್ಲ. ಶುರುವಿನ ದಿನಾಂಕ, ಕೊನೆಯ ದಿನಾಂಕ ಎರಡೂ ಅದರ ಕೈಯಲ್ಲಿ ಇರುವುದರಿಂದ ಟ್ರಿಗರ್ ನಾವೇ ಬರೆದುಕೊಳ್ಳಬಹುದು. ನಾವು ಬರೆದುಕೊಂಡೆವು. ಆದರೆ ಅದು ಸಿದ್ಧವಾಗಿಯೇ ಬರಬೇಕಿತ್ತು.

ಸಮಯದ ಒಂದು ಸಣ್ಣ ವಿಷಯ. ಸರ್ಟಿಫಿಕೇಟ್ ಒಳಗಿನ ಸಮಯ ಜಿಎಂಟಿಯಲ್ಲಿ ಇರುತ್ತದೆ. 23:59:59ಕ್ಕೆ ಮುಗಿಯುತ್ತದೆ ಅಂದರೆ ನಮಗೆ ಮರುದಿನ ಬೆಳಗಿನ 5:29:59. ನಮ್ಮಲ್ಲಿ ಮೊದಲ ಲಾರಿಗಳು ಹೊರಡುವುದು ಸುಮಾರು ಅದೇ ಹೊತ್ತಿಗೆ. "ಇವತ್ತು ಮುಗಿಯುತ್ತದೆ" ಅಂತ ಪಾರ್ಟ್‌ನರ್ ಹೇಳಿದರೆ ಯಾವ ಇವತ್ತು ಅಂತ ಕೇಳಿ.

ಈಗ ನನಗೆ ಹಿಡಿಸದ ಭಾಗ. ಡಾಕ್ಯುಮೆಂಟೇಷನ್‌ನಲ್ಲಿ ಅವರೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ, ಆದರೆ ಅದನ್ನು ಓದುವವರು ಎಷ್ಟು ಜನ? ಸರ್ಟಿಫಿಕೇಟ್ ತಪ್ಪಿದ್ದರೆ ಇನ್‌ವ್ಯಾಲಿಡ್ ಅಂತ ಹೇಳುತ್ತದೆ, ಅದು ಸರಿ. ಆದರೆ ಬೇರೆ ಯಾವುದೇ ಕಾರಣಕ್ಕೆ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸಂಪರ್ಕ ಶುರುವಾಗುವಾಗಿನ ಮೊದಲ ಮಾತುಕತೆ) ಮುರಿದುಬಿದ್ದರೆ ಐಟಂ (ಝ್ಯಾಬಿಕ್ಸ್ ಓದಿ ತರುವ ಮಾಹಿತಿ) 'ನಾಟ್ ಸಪೋರ್ಟೆಡ್' ಆಗುತ್ತದೆ. ಐಟಂ ಹಾಗಾದರೆ ಅದರ ಮೇಲಿನ ಟ್ರಿಗರ್‌ಗೆ ಏನೂ ಗೊತ್ತಾಗುವುದಿಲ್ಲ. ಮೇಲ್ ಬರುವುದಿಲ್ಲ, ಮೆಸೇಜ್ ಬರುವುದಿಲ್ಲ. ಇಂಟರ್ನಲ್ ಆಕ್ಷನ್ಸ್ ಅಂತ ಒಂದು ಕಡೆ ಇದನ್ನು ತಿಳಿಸುವ ಆಕ್ಷನ್ ಸಿದ್ಧವಾಗಿಯೇ ಇದೆ, ಆದರೆ ಮೊದಲಿಂದಲೇ ಆಫ್ ಆಗಿರುತ್ತದೆ. ಟೆಂಪ್ಲೇಟ್ ಹಾಕಿದ ದಿನವೇ ಅದನ್ನು ಆನ್ ಮಾಡಿ. ಈ ವಿಮರ್ಶೆಯಲ್ಲಿ ಬೇರೆ ಏನೂ ನೆನಪಿಡದಿದ್ದರೂ ಇದೊಂದು ಇಟ್ಟುಕೊಳ್ಳಿ.

ಇದು ಝ್ಯಾಬಿಕ್ಸ್ ಒಂದರ ದೋಷ ಅಂತಲೂ ಅಲ್ಲ. ಪ್ರೊಮಿಥಿಯಸ್ ಅನ್ನುವ ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್ ಜೊತೆ ಬಳಸುವ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್‌ನಲ್ಲಿ ಇದಕ್ಕಿಂತ ತಮಾಷೆ ಇದೆ. ಸರ್ಟಿಫಿಕೇಟ್ ಸತ್ತ ಕ್ಷಣ ಪರಿಶೀಲನೆ ಫೇಲ್ ಆಗುತ್ತದೆ, ಹಾಗಾಗಿ ಅವಧಿಯ ಮೆಟ್ರಿಕ್ಕೇ (ಅಳತೆಯ ಅಂಕಿ) ಬರುವುದು ನಿಲ್ಲುತ್ತದೆ, ಮೆಟ್ರಿಕ್ ಇಲ್ಲವಾದ್ದರಿಂದ "ಸದ್ಯದಲ್ಲೇ ಮುಗಿಯುತ್ತದೆ" ಅನ್ನುವ ಅಲರ್ಟ್ ರಿಸಾಲ್ವ್ಡ್ ಅಂತ ಮೆಸೇಜ್ ಕಳಿಸುತ್ತದೆ. ಸರಿಯಾಗಿ ಕೈಕೊಡುವ ಹೊತ್ತಿಗೇ. ಪ್ರೋಬ್ (ಈ ತಪಾಸಣೆ) ಫೇಲ್ ಆದದ್ದಕ್ಕೆ ಬೇರೆ ಅಲರ್ಟ್ ಇಲ್ಲದಿದ್ದರೆ ಮುಗಿಯಿತು ಕಥೆ. ಪರಿಶೀಲನೆ ಬಿಟ್ಟು ದಿನಾಂಕ ಮಾತ್ರ ಓದುವ ಇನ್ನೊಂದು ಮಾಡ್ಯೂಲ್ ಇಟ್ಟುಕೊಂಡು ಇದನ್ನು ದಾಟಬೇಕು.

ಇನ್ನು ಪ್ರಾಕ್ಸಿ. ನಮ್ಮಂಥ ಕಂಪನಿಗಳಲ್ಲಿ ಸರ್ವರ್‌ಗಳು ಹೊರಗೆ ಹೋಗುವುದು ಪ್ರಾಕ್ಸಿ ಅನ್ನುವ ಮಧ್ಯದ ಸರ್ವರ್ ಮೂಲಕ. ಝ್ಯಾಬಿಕ್ಸ್‌ನ ಈ ಐಟಂಗೆ ಹೆಸರು, ಪೋರ್ಟ್, ವಿಳಾಸ ಕೊಡಬಹುದು ಅಷ್ಟೇ, ಪ್ರಾಕ್ಸಿ ಹೇಳಲು ಜಾಗವಿಲ್ಲ. ಏಜೆಂಟ್ ಇರುವ ಮಷಿನ್‌ಗೆ ಫೈರ್‌ವಾಲ್‌ನಲ್ಲಿ ನೇರ ದಾರಿ ತೆಗೆಸಬೇಕು. ಅದರಲ್ಲೂ ಫೈರ್‌ವಾಲ್ ಟಿಎಲ್‌ಎಸ್ ಬಿಚ್ಚಿ ನೋಡುವ ಥರದ್ದಾದರೆ ನಿಮಗೆ ಕಾಣುವುದು ಫೈರ್‌ವಾಲ್ ಮಾಡಿದ ಸರ್ಟಿಫಿಕೇಟ್, ಪಾರ್ಟ್‌ನರ್‌ದಲ್ಲ. ಇಶ್ಯೂಯರ್ (ಕೊಟ್ಟವರು) ಕಾಲಂನಲ್ಲಿ ನಿಮ್ಮದೇ ಕಂಪನಿಯ ಹೆಸರು ಬಂದರೆ ಅರ್ಥ ಮಾಡಿಕೊಳ್ಳಿ.

ಏಜೆಂಟ್ ಹೇಳುವ 'ವ್ಯಾಲಿಡ್' ಅನ್ನುವುದೂ ಆ ಮಷಿನ್‌ನ ಲಿನಕ್ಸ್ ಟ್ರಸ್ಟ್ ಸ್ಟೋರ್ (ನಂಬಬಹುದಾದ ಸಿಎಗಳ ಪಟ್ಟಿ) ಪ್ರಕಾರ. ನಮ್ಮ ಇಆರ್‌ಪಿ (ಕಂಪನಿಯ ಲೆಕ್ಕ, ಬಿಲ್, ಸ್ಟಾಕ್ ನಡೆಸುವ ಸಾಫ್ಟ್‌ವೇರ್) ಓಡುವುದು ಜಾವಾದ ಮೇಲೆ, ಅದಕ್ಕೆ ತನ್ನದೇ ಬೇರೆ ಟ್ರಸ್ಟ್ ಸ್ಟೋರ್. ಒಬ್ಬ ಪಾರ್ಟ್‌ನರ್ ಹೊಸ ಸರ್ಟಿಫಿಕೇಟ್‌ನ್ನು ಬೇರೆ ಸಿಎ ಹತ್ತಿರ ತೆಗೆದುಕೊಂಡಾಗ ಝ್ಯಾಬಿಕ್ಸ್ ಹಸಿರು, ಇಆರ್‌ಪಿ ಲಾಗ್ ತುಂಬ 'ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್', ಅಂದರೆ ಈ ಸಿಎ ನನಗೆ ಗೊತ್ತಿಲ್ಲ ಅನ್ನುವ ದೂರು. "ಅಲರ್ಟ್ ಹೋತ್ರೀ ಸರ, ಆದ್ರ ಬಿಲ್ಲೇನ ಹೋಗವಲ್ದು" ಅಂತ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಹೊಸ ರೂಟ್ ಸರ್ಟಿಫಿಕೇಟ್‌ನ್ನು (ಆ ಸಿಎಯ ಮೂಲ ಸರ್ಟಿಫಿಕೇಟ್) ಜಾವಾದ ಸ್ಟೋರ್‌ಗೆ ಸೇರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಮಾನಿಟರಿಂಗ್ ನೋಡುವ ಕಣ್ಣು ಬೇರೆ, ಅಪ್ಲಿಕೇಷನ್ ನೋಡುವ ಕಣ್ಣು ಬೇರೆ. 2021ರ ಸೆಪ್ಟೆಂಬರ್ 30ಕ್ಕೆ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಅನ್ನುವ ರೂಟ್ ಸರ್ಟಿಫಿಕೇಟ್ ಮುಗಿದಾಗ ಪ್ರಪಂಚದ ಎಷ್ಟೋ ಕಡೆ ಆದದ್ದೂ ಇದೇ ಜಾತಿಯ ಗೋಳು. ಹೊಸ ಬ್ರೌಸರ್‌ಗಳಿಗೆ ಏನೂ ಆಗಲಿಲ್ಲ, ಟಿಎಲ್‌ಎಸ್ ನಡೆಸುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ನ ಹಳೆಯ 1.0.2 ಇಟ್ಟುಕೊಂಡವರು ಕಂಗಾಲಾದರು.

ಒಂದು ವಿಷಯದಲ್ಲಿ ಮಾತ್ರ ಏಜೆಂಟ್ ಬ್ರೌಸರ್‌ಗಿಂತ ಮೇಲು. ಕೆಲವರು ಹೊಸ ಸರ್ಟಿಫಿಕೇಟ್ ಹಾಕುವಾಗ ಇಂಟರ್‌ಮೀಡಿಯೆಟ್ (ಅದನ್ನು ರೂಟ್‌ಗೆ ಜೋಡಿಸುವ ನಡುವಿನ ಸರ್ಟಿಫಿಕೇಟ್) ಹಾಕುವುದನ್ನು ಬಿಟ್ಟುಬಿಡುತ್ತಾರೆ. ಕ್ರೋಮ್ ತಾನೇ ಹುಡುಕಿ ತಂದು ಸರಿ ಅಂತ ತೋರಿಸುತ್ತದೆ. ಏಜೆಂಟ್ ಹುಡುಕಲು ಹೋಗುವುದಿಲ್ಲ, ಇನ್‌ವ್ಯಾಲಿಡ್ ಅನ್ನುತ್ತದೆ. ಜಾವಾ ಕೂಡ ಮಾಮೂಲಿಯಾಗಿ ಹುಡುಕುವುದಿಲ್ಲ. ಹಾಗಾಗಿ ಇಲ್ಲಿ ಏಜೆಂಟ್‌ನ ಮಾತೇ ನಮಗೆ ಪ್ರಮಾಣ. ರದ್ದಾದ ಸರ್ಟಿಫಿಕೇಟ್ ವಿಷಯ ಬೇರೆ, ರದ್ದಾದವುಗಳ ಪಟ್ಟಿ (ಸಿಆರ್‌ಎಲ್) ಆಗಲಿ, ರದ್ದಾಗಿದೆಯಾ ಅಂತ ಸಿಎಯನ್ನು ಕೇಳುವ ಒಸಿಎಸ್‌ಪಿ ಆಗಲಿ ಇದು ನೋಡುವುದಿಲ್ಲ.

ಟೆಂಪ್ಲೇಟ್‌ಗೆ ಕಾಣದೇ ಇರುವುದು ನಮ್ಮ ಕಡೆಯ ಸರ್ಟಿಫಿಕೇಟ್‌ಗಳು. ಬ್ಯಾಂಕಿಗೆ ನಾವು ತೋರಿಸುವ ಕ್ಲೈಂಟ್ ಸರ್ಟಿಫಿಕೇಟ್ ಯಾವ ಪೋರ್ಟಿನಲ್ಲೂ ಇರುವುದಿಲ್ಲ, ಒಂದು ಕೀಸ್ಟೋರ್ ಫೈಲ್ ಒಳಗೆ ಸುಮ್ಮನೆ ಮಲಗಿರುತ್ತದೆ. ಸಿಂಗಲ್ ಸೈನ್-ಆನ್‌ಗೆ (ಒಂದೇ ಲಾಗಿನ್‌ನಲ್ಲಿ ಎಲ್ಲ ಅಪ್ಲಿಕೇಷನ್) ಬಳಸುವ ಸ್ಯಾಮಲ್ ಸೈನಿಂಗ್ ಸರ್ಟಿಫಿಕೇಟ್ ಕೂಡ ಅಷ್ಟೇ. ಮೈಕ್ರೋಸಾಫ್ಟ್‌ನ ಲಾಗಿನ್ ಸೇವೆ ಎಂಟ್ರಾದಲ್ಲಿ ಅದಕ್ಕೆ ಮಾಮೂಲಿ ಆಯಸ್ಸು 3 ವರ್ಷ, ಹಾಕಿದವನು ಅಷ್ಟರಲ್ಲಿ ಕಂಪನಿ ಬಿಟ್ಟು ಬೆಂಗಳೂರಿಗೆ ಹೋಗಿರುತ್ತಾನೆ. ಇಂಥವಕ್ಕೆ ನಾವು ಓಪನ್‌ಎಸ್‌ಎಸ್‌ಎಲ್ ಮತ್ತು ಜಾವಾದ ಕೀಟೂಲ್‌ನಿಂದ ದಿನಾಂಕ ಓದುವ ಚಿಕ್ಕ ಸ್ಕ್ರಿಪ್ಟ್ ಬರೆದು, ಯೂಸರ್ ಪ್ಯಾರಾಮೀಟರ್ (ಏಜೆಂಟ್‌ಗೆ ನಮ್ಮದೇ ಸ್ಕ್ರಿಪ್ಟ್ ಸೇರಿಸುವ ಜಾಗ) ಮೂಲಕ ಝ್ಯಾಬಿಕ್ಸ್‌ಗೆ ಕೊಟ್ಟಿದ್ದೇವೆ. ದಿನಾಂಕ ಸರಿಯಿದ್ದರೂ ಸಾಲದು ಅನ್ನುವ ಕಾಲ ಬೇರೆ ಬಂದಿದೆ. ಲೆಟ್ಸ್ ಎನ್‌ಕ್ರಿಪ್ಟ್ 2026ರ ಫೆಬ್ರವರಿ 11ರಿಂದ ಮಾಮೂಲಿ ಸರ್ಟಿಫಿಕೇಟ್‌ನಲ್ಲಿ ಕ್ಲೈಂಟ್ ಅಥೆಂಟಿಕೇಷನ್ (ಸಂಪರ್ಕಿಸುವವರು ತಾವು ಯಾರು ಅಂತ ತೋರಿಸುವ) ಉಪಯೋಗವನ್ನೇ ತೆಗೆದಿದೆ, ಕ್ರೋಮ್‌ನ ನಿಯಮದಿಂದಾಗಿ ಬೇರೆ ಸಿಎಗಳದ್ದೂ ಅದೇ ದಾರಿ. ರಿನ್ಯೂ ಆದ ಹೊಸ ಸರ್ಟಿಫಿಕೇಟ್ ಹಾಕಿದ ಮೇಲೆ ಎಂಟಿಎಲ್‌ಎಸ್ (ಎರಡೂ ಕಡೆಯವರು ಸರ್ಟಿಫಿಕೇಟ್ ತೋರಿಸುವ ಸಂಪರ್ಕ) ನಿಂತುಹೋದರೆ ಮೊದಲು ಅಲ್ಲಿ ನೋಡಿ.

ಅಲರ್ಟ್ ಮೆಸೇಜ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಪ್ರತಿ ಹೋಸ್ಟ್‌ಗೂ ಇನ್‌ವೆಂಟರಿ ಅಂತ ಇದೆ, ಅದರಲ್ಲಿ ಸಂಪರ್ಕದ ವ್ಯಕ್ತಿ, ಮೇಲ್, ಫೋನ್ ತುಂಬುವ ಜಾಗಗಳಿವೆ, ಮತ್ತು ಅವನ್ನು ಮ್ಯಾಕ್ರೋ ಮೂಲಕ ಅಲರ್ಟ್ ಮೆಸೇಜ್‌ಗೇ ತರಬಹುದು. ನಾವು ಪಾರ್ಟ್‌ನರ್‌ನ ಸಪೋರ್ಟ್ ಮೇಲ್, ಅವರ ಎಸ್ಕಲೇಷನ್ ನಂಬರ್, ನಮ್ಮ ಕಡೆ ಆ ಇಂಟಿಗ್ರೇಷನ್ ಯಾರದು, ಅದು ನಿಂತರೆ ಏನು ನಿಲ್ಲುತ್ತದೆ, ಇಷ್ಟನ್ನೂ ತುಂಬಿದ್ದೇವೆ. ರಾತ್ರಿ ಎರಡು ಗಂಟೆಗೆ ಬರುವ ಮೆಸೇಜ್‌ನಲ್ಲಿ "ಇದು ನಿಂತರೆ ಇ-ವೇ ಬಿಲ್ ನಿಲ್ಲುತ್ತದೆ" ಅಂತ ಒಂದು ಸಾಲು ಇದ್ದರೆ ಹೊಸ ಹುಡುಗನಿಗೂ ಯಾರನ್ನು ಎಬ್ಬಿಸಬೇಕು ಅಂತ ಗೊತ್ತಾಗುತ್ತದೆ. ತುಂಬುವ ಕೆಲಸ ಬೇಜಾರಿನದು. ಮಾಡಿದ ಮೇಲೆ ಸುಖ.

ನಾಲ್ಕೈದು ಇಂಟಿಗ್ರೇಷನ್ ಮಾತ್ರ ಇರುವ ಸಣ್ಣ ಕಂಪನಿಗೆ ಝ್ಯಾಬಿಕ್ಸ್ ಹಾಕಿ ಅಂತ ನಾನು ಹೇಳುವುದಿಲ್ಲ. ಡೇಟಾಬೇಸ್, ಸರ್ವರ್, ಏಜೆಂಟ್, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಬೇಕು. ಅಪ್‌ಟೈಮ್ ಕುಮಾ ಅನ್ನುವ ಚಿಕ್ಕ ಮಾನಿಟರಿಂಗ್ ಸಾಫ್ಟ್‌ವೇರ್ ಸಾಕು. ಡಾಕರ್‌ನಲ್ಲಿ ಒಂದು ಕಮಾಂಡ್, 3001 ಪೋರ್ಟ್ ತೆಗೆದು ವಿಳಾಸ ಹಾಕಿ, ಸರ್ಟಿಫಿಕೇಟ್ ನೋಟಿಫಿಕೇಷನ್‌ಗೆ ಟಿಕ್ ಮಾಡಿದರೆ 21, 14, 7 ದಿನ ಇರುವಾಗ ಟೆಲಿಗ್ರಾಂಗೆ ಮೆಸೇಜ್ ಬರುತ್ತದೆ. ಎಂಟಿಎಲ್‌ಎಸ್ ಕೇಳುವ ವಿಳಾಸಕ್ಕೆ ಕ್ಲೈಂಟ್ ಸರ್ಟಿಫಿಕೇಟ್ ಕೊಡುವ ಆಯ್ಕೆಯೂ ಅದರಲ್ಲಿದೆ, ಝ್ಯಾಬಿಕ್ಸ್‌ನ ಈ ಟೆಂಪ್ಲೇಟ್‌ನಲ್ಲಿ ಅದು ಇಲ್ಲ. ಆದರೆ ಯಾವ ಅಲರ್ಟ್ ಯಾರಿಗೆ, ಎಷ್ಟು ಹೊತ್ತಿಗೆ ಯಾರಿಗೆ ಎಸ್ಕಲೇಟ್, ಹಿಂದಿನ ವರ್ಷ ಇದೇ ಪಾರ್ಟ್‌ನರ್ ಏನು ಮಾಡಿದ್ದ, ಇಂಥವೆಲ್ಲ ಬೇಕಾದಾಗ ಕುಮಾ ಸಾಲುವುದಿಲ್ಲ.

ಝ್ಯಾಬಿಕ್ಸ್‌ಗೆ ನನ್ನ ಅಂಕ 5ಕ್ಕೆ 3.5. ಟೆಂಪ್ಲೇಟ್ ಹಾಗೇ ಹಾಕಿ ಬಿಟ್ಟರೆ 2.5, ಇಂಟರ್ನಲ್ ಆಕ್ಷನ್, ಮ್ಯಾಕ್ರೋ, ಇನ್‌ವೆಂಟರಿ ಸರಿ ಮಾಡಿಕೊಂಡರೆ 4 ಕೊಟ್ಟರೂ ತಪ್ಪಿಲ್ಲ.

ಹಾಕುವವರು ಪಾರ್ಟ್‌ನರ್‌ನ ಯುಎಟಿ (ಪರೀಕ್ಷೆಯ ಸರ್ವರ್) ವಿಳಾಸಕ್ಕೂ ಒಂದು ಹೋಸ್ಟ್ ಮಾಡಿಡಿ. ಪ್ರೊಡಕ್ಷನ್‌ಗಿಂತ (ನಿಜವಾದ ಕೆಲಸದ ಸರ್ವರ್) ಮುಂಚೆ ಹೊಸ ಸರ್ಟಿಫಿಕೇಟ್ ಹೆಚ್ಚಾಗಿ ಅಲ್ಲಿಗೇ ಬರುತ್ತದೆ. ಅಲ್ಲಿ ಫಿಂಗರ್‌ಪ್ರಿಂಟ್ ಬದಲಾಯಿತು ಅಂತ ಅಲರ್ಟ್ ಬಂದ ದಿನ ಇಶ್ಯೂಯರ್ ನೋಡಿ, ಸಿಎ ಬದಲಾಗಿದ್ದರೆ ಜಾವಾ ಸ್ಟೋರ್‌ಗೆ ರೂಟ್ ಸೇರಿಸಿಕೊಳ್ಳಲು ಒಂದು ವಾರವಾದರೂ ಕೈಯಲ್ಲಿರುತ್ತದೆ, ಪಾರ್ಟ್‌ನರ್ ಮೇಲ್ ಹಾಕಲಿ ಬಿಡಲಿ.